ಗುಂಡ ಊಟ ಬಿಟ್ಟಾಗ: ಸಕ್ಕರೆ ಕಾಯಿಲೆಯ ಬೆಕ್ಕೊಂದರ ಪ್ರಕರಣ

ಇದು ಶಿರಸಿ ಕಡೆಯ ಒಂದು ತೋಟದ ಮನೆಯ ಬೆಕ್ಕಿನ ವಿಷಯ. ಮನೆಯವರ ಒಪ್ಪಿಗೆ ಕೇಳಿಯೇ ಬರೆಯುತ್ತಿದ್ದೇನೆ. ಬೆಕ್ಕಿನ ನಿಜವಾದ ಹೆಸರು ಗುಂಡ ಅಲ್ಲ. ಊರಿನ ಹೆಸರು ಹೇಳುವುದಿಲ್ಲ. ಗುರುತು ಸಿಗುವಂಥ ಒಂದೆರಡು ವಿವರ ಬದಲಿಸಿದ್ದೇನೆ. ತೂಕ, ಸಕ್ಕರೆಯ ಅಂಕಿ, ಔಷಧದ ಅಳತೆ ಮಾತ್ರ ನನ್ನ ಚೀಟಿಯಲ್ಲಿ ಇದ್ದ ಹಾಗೇ ಇವೆ.

ನಾನು ಈ ಭಾಗದಲ್ಲಿ ಪಶುವೈದ್ಯ. ನನ್ನ ಹತ್ತಿರ ಬರುವುದರಲ್ಲಿ ದನ, ನಾಯಿಗಳೇ ಜಾಸ್ತಿ. ಸಕ್ಕರೆ ಕಾಯಿಲೆಯ ಬೆಕ್ಕು ವರ್ಷಕ್ಕೆ ಒಂದೋ ಎರಡೋ. ಹಾಗಾಗಿ ಈ ಪ್ರಕರಣದಲ್ಲಿ ಮನೆಯವರ ಜೊತೆ ನಾನೂ ಕಲಿಯುತ್ತಿದ್ದೆ. ಎರಡು ಕಡೆ ಎಡವಿದೆ. ಅದನ್ನು ಬಿಟ್ಟು ಬರೆದರೆ ಓದುವವರಿಗೆ ಏನೂ ಸಿಗುವುದಿಲ್ಲ.

ಬೂದಿಯಲ್ಲಿ ಇರುವೆ

ಗುಂಡ ಒಂಬತ್ತು ವರ್ಷದ ಗಂಡು, ಬೀಜ ತೆಗೆಸಿದವನು. ಒಳ್ಳೆಯ ದಿನಗಳಲ್ಲಿ 5.8 ಕಿಲೋ ಇದ್ದ. ಸಸ್ಯಾಹಾರಿ ಮನೆ. ಬೆಳಿಗ್ಗೆ ಹಾಲು, ಮಧ್ಯಾಹ್ನ ಮೊಸರನ್ನ, ಸಂಜೆ ಮತ್ತೆ ಹಾಲನ್ನ. ಉಳಿದದ್ದನ್ನು ಅಟ್ಟದ ಇಲಿಗಳಿಂದ ಅವನೇ ಹೊಂದಿಸಿಕೊಳ್ಳುತ್ತಿದ್ದ. ವಯಸ್ಸಾದ ಮೇಲೆ ಇಲಿ ಕಮ್ಮಿಯಾಯ್ತು, ಅನ್ನ ಜಾಸ್ತಿಯಾಯ್ತು, ಮೈಯೂ ಬಂತು.

ಮನೆಯ ಯಜಮಾನರಿಗೆ ಹದಿನಾಲ್ಕು ವರ್ಷದಿಂದ ಸಕ್ಕರೆ ಕಾಯಿಲೆ. ದಿನಕ್ಕೆ ಎರಡು ಸಲ ಇನ್ಸುಲಿನ್ ಚುಚ್ಚಿಕೊಳ್ಳುತ್ತಾರೆ. ಬಹಳ ಶಿಸ್ತಿನ ಮನುಷ್ಯ. ಊಟದ ಅಳತೆ, ಸೂಜಿಯ ಹೊತ್ತು, ಎಲ್ಲ ಪುಸ್ತಕದಲ್ಲಿ ಬರೆದಿಡುವವರು. ಗುಂಡನ ಕಾಯಿಲೆ ಮೊದಲು ಕಂಡದ್ದೂ ಅವರಿಗೇ. ಮೇ ತಿಂಗಳಲ್ಲಿ ಬೆಕ್ಕು ಬಚ್ಚಲ ಬಾನಿಯಿಂದ ನೀರು ನೆಕ್ಕಲು ಶುರು ಮಾಡಿತು. ಬಚ್ಚಲ ಒಲೆಯ ಬೂದಿ ಗುಡ್ಡೆಯಲ್ಲಿ ಅದು ಮೂತ್ರ ಮಾಡುವುದು ರೂಢಿ. ಒಂದು ಬೆಳಿಗ್ಗೆ ಆ ಬೂದಿಯ ಮೇಲೆ ಸಾಲುಸಾಲು ಇರುವೆ. "ಇವನಿಗೂ ನನ್ನ ಕಾಯಿಲೆಯೇ" ಎಂದು ಅವರು ನಕ್ಕರಂತೆ. ಬೆಕ್ಕಿನ ರಕ್ತದಲ್ಲಿ ಸಕ್ಕರೆ ಸುಮಾರು 250 ದಾಟಿದರೆ ಅದು ಮೂತ್ರಕ್ಕೂ ಇಳಿಯುತ್ತದೆ. ನಗೆಯಲ್ಲಿ ಹೇಳಿದ್ದು ನಿಜವೇ ಆಗಿತ್ತು.

ಇನ್ನೊಂದು ಹಿನ್ನೆಲೆ ಇದೆ, ಅದು ನನ್ನದು. ಹಿಂದಿನ ಮಳೆಗಾಲದಿಂದ ಗುಂಡನಿಗೆ ಚಿಗಟದ ಅಲರ್ಜಿ. ಬೆನ್ನು, ಬಾಲದ ಬುಡ ಕೆರೆದು ಗಾಯ ಮಾಡಿಕೊಳ್ಳುತ್ತಿದ್ದ. ಮಾತ್ರೆ ನುಂಗಿಸಲು ಆಗುವುದಿಲ್ಲ ಎಂದು ಮನೆಯವರು ಹೇಳಿದರು. ನಾನು ಬಹಳ ದಿನ ಕೆಲಸ ಮಾಡುವ ಸ್ಟೀರಾಯ್ಡ್ ಸೂಜಿ ಹಾಕಿದೆ. ಆಗಸ್ಟ್‌ನಲ್ಲಿ ಒಂದು, ಡಿಸೆಂಬರ್‌ನಲ್ಲಿ ಒಂದು, ಏಪ್ರಿಲ್‌ನಲ್ಲಿ ಒಂದು. ಪ್ರತಿ ಸಲ ಎರಡೇ ದಿನಕ್ಕೆ ಕೆರೆತ ನಿಂತಿತು, ಎಲ್ಲರಿಗೂ ಖುಷಿ. ದಪ್ಪ ಮೈಯ, ಬೀಜ ತೆಗೆಸಿದ, ನಡುವಯಸ್ಸು ದಾಟಿದ ಗಂಡು ಬೆಕ್ಕು ಅಂದರೆ ಸಕ್ಕರೆ ಕಾಯಿಲೆಗೆ ಅರ್ಧ ದಾರಿ ನಡೆದ ಹಾಗೆ. ಸ್ಟೀರಾಯ್ಡ್ ದೇಹದಲ್ಲಿ ಇನ್ಸುಲಿನ್ ಕೆಲಸ ಮಾಡದ ಹಾಗೆ ತಡೆಯುತ್ತದೆ. ಉಳಿದ ಅರ್ಧ ದಾರಿಗೆ ಗುಂಡನನ್ನು ನೂಕಿದ್ದು ಆ ಸೂಜಿಗಳೇ ಇರಬೇಕು ಎನ್ನುವುದು ನನ್ನ ಅಂದಾಜು. ಮೊದಲ ಭೇಟಿಯಲ್ಲೇ ಇದನ್ನು ಯಜಮಾನರಿಗೆ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ "ಈಗ ಎಂತ ಮಾಡವು ಡಾಕ್ಟ್ರೇ?" ಅಂದರು.

ಮೊದಲ ದಿನ, ಮತ್ತು ಕೇಳದೇ ಬಿಟ್ಟ ಪ್ರಶ್ನೆ

ಜೂನ್ ಕೊನೆಯ ವಾರ, ಸೋಮವಾರ. ತೂಕ 4.6 ಕಿಲೋ. ಹಿಂಗಾಲು ನೆಲಕ್ಕೆ ಊರಿ, ಹಿಮ್ಮಡಿ ತಾಗಿಸಿ ನಡೆಯುತ್ತಿದ್ದ. ಸಕ್ಕರೆ ಜಾಸ್ತಿಯಾಗಿ ಕಾಲಿನ ನರ ಸೋತರೆ ಬೆಕ್ಕು ಹೀಗೆ ನಡೆಯುತ್ತದೆ. ರಕ್ತದಲ್ಲಿ ಸಕ್ಕರೆ 412. ಆರಾಮಾಗಿರುವ ಬೆಕ್ಕಿಗೆ ಇದು 80ರಿಂದ 120ರ ಆಸುಪಾಸು ಇರುತ್ತದೆ.

ಈ ಒಂದು ಅಂಕಿಯನ್ನೇ ನಂಬುವ ಹಾಗಿಲ್ಲ. ಚೀಲದಲ್ಲಿ ಕಟ್ಟಿ, ಬೈಕಿನಲ್ಲಿ ತಂದು, ನಾಯಿಗಳ ಮಧ್ಯೆ ಕೂರಿಸಿದರೆ ಹೆದರಿಕೆಗೇ ಬೆಕ್ಕಿನ ಸಕ್ಕರೆ 300 ದಾಟಬಹುದು. ಅದಕ್ಕೇ ಮನೆಯಲ್ಲೇ ಹಿಡಿದ ಮೂತ್ರ ತರಲು ಮೊದಲೇ ಹೇಳಿದ್ದೆ. ಬೂದಿಯಿಂದ ಮೂತ್ರ ಎತ್ತಲು ಆಗುವುದಿಲ್ಲ ಅಲ್ವಾ? ರಾತ್ರಿ ಬೆಕ್ಕನ್ನು ಬಚ್ಚಲಲ್ಲಿ ಬಿಟ್ಟು, ಒಂದು ಟ್ರೇಯಲ್ಲಿ ಪ್ಲಾಸ್ಟಿಕ್ ಚೀಲ ಕತ್ತರಿಸಿದ ಚೂರು ಹಾಕಿ ಇಟ್ಟಿದ್ದರು. ಆ ಮೂತ್ರಕ್ಕೆ ಅದ್ದಿದ ಪರೀಕ್ಷೆಯ ಪಟ್ಟಿಯಲ್ಲಿ ಸಕ್ಕರೆ ತುಂಬಾ, ಕೀಟೋನ್ (ದೇಹ ಕೊಬ್ಬು ಸುಟ್ಟಾಗ ಹುಟ್ಟುವ ಅಂಶ) ಇಲ್ಲ. ತೂಕ ಇಳಿದದ್ದು, ಕಾಲು, ಮೂತ್ರ, ಎಲ್ಲ ಒಂದೇ ಕಡೆ ಬೆರಳು ತೋರಿಸುತ್ತಿದ್ದವು.

ನಾನು ಚೀಟಿ ಬರೆದೆ. ಗ್ಲಾರ್ಜಿನ್ ಇನ್ಸುಲಿನ್, 12 ಗಂಟೆಗೊಮ್ಮೆ 1 ಯೂನಿಟ್. ಅನ್ನ, ಹಾಲು ನಿಲ್ಲಿಸಿ. ಪಿಷ್ಟ ಕಮ್ಮಿ ಇರುವ, ಮಾಂಸದ ಆಹಾರಕ್ಕೆ ಬನ್ನಿ. ಪುಸ್ತಕದ ಪ್ರಕಾರ ಒಂದು ಅಕ್ಷರ ತಪ್ಪಿಲ್ಲ.

ತಪ್ಪಿದ್ದು ಬೇರೆ ಕಡೆ. "ತಿಂತಾನಾ?" ಎಂದು ಕೇಳಿದ್ದೆ. "ಸ್ವಲ್ಪ ಕಮ್ಮಿ" ಅಂದರು. ನಾನು ಅಲ್ಲಿಗೇ ಬಿಟ್ಟೆ. ಸಕ್ಕರೆ ಕಾಯಿಲೆ ಶುರುವಾದ ಬೆಕ್ಕು ಸಾಮಾನ್ಯವಾಗಿ ಬಕಾಸುರನ ಹಾಗೆ ತಿನ್ನುತ್ತದೆ, ತಿಂದೂ ಸೊರಗುತ್ತದೆ. ಅಂಥ ಬೆಕ್ಕು ಕಮ್ಮಿ ತಿನ್ನುತ್ತಿದೆ ಅಂದರೆ ಸಕ್ಕರೆಯ ಜೊತೆ ಇನ್ನೇನೋ ಇದೆ ಎಂದೇ ಲೆಕ್ಕ. ಇನ್ಸುಲಿನ್ ಮಾಡುವ ಮೇದೋಜೀರಕ ಗ್ರಂಥಿಯ ಊತ ಇರಬಹುದು, ಹಲ್ಲಿನ ನೋವು, ಮೂತ್ರದ ಸೋಂಕು, ಯಕೃತ್ತಿನ ತೊಂದರೆ ಇರಬಹುದು, ಕೀಟೋನ್ ಏರುವ ಮುನ್ಸೂಚನೆಯೂ ಇರಬಹುದು. ಎಷ್ಟು ಕಮ್ಮಿ, ಯಾವಾಗಿನಿಂದ, ತಟ್ಟೆಯ ಹತ್ತಿರ ಬಂದು ಏನು ಮಾಡುತ್ತಾನೆ ಎಂದು ಕೇಳಬೇಕಿತ್ತು. ಆವತ್ತು ಹೊರಗೆ ಕೆಚ್ಚಲು ಬಾವಿನ ಎಮ್ಮೆಯವರು ಕಾಯುತ್ತಿದ್ದರು. ಇದು ನೆಪ ಅಲ್ಲ, ನಡೆದದ್ದು ಹಾಗೆ.

ನಾಲ್ಕು ದಿನದಲ್ಲಿ ಆದದ್ದು

ಯಜಮಾನರು ನನ್ನ ಚೀಟಿಯನ್ನು ಅಕ್ಷರಕ್ಷರ ಪಾಲಿಸಿದರು. ಅದರ ಮೇಲೆ ತಮ್ಮ ಹದಿನಾಲ್ಕು ವರ್ಷದ ಅನುಭವವನ್ನೂ ಸೇರಿಸಿದರು. ಸಕ್ಕರೆ ಬಂದರೆ ಊಟ ಕಮ್ಮಿ ಮಾಡಬೇಕು, ಇದು ಅವರಿಗೆ ಗೊತ್ತಿರುವ ಮೊದಲ ಪಾಠ. ಅನ್ನ ಹಾಲು ಆ ಕ್ಷಣವೇ ಬಂದ್. ಮಗಳು ಬೆಂಗಳೂರಿನಿಂದ ಸಕ್ಕರೆ ಕಾಯಿಲೆಯ ಬೆಕ್ಕಿಗೆಂದೇ ಮಾಡಿದ ಒಣ ಆಹಾರದ ಚೀಲ ಕಳಿಸಿದಳು. ಅದನ್ನೂ ಅಳೆದು, ಹಿಡಿ ಬಿಗಿ ಮಾಡಿ ಹಾಕಿದರು. ಮೆಂತ್ಯದ ನೀರು ಬೇರೆ. ಮೊಸರನ್ನ ಬಿಟ್ಟು ಬೇರೆ ಕಂಡೇ ಇಲ್ಲದ ಬೆಕ್ಕು ಆ ಕಾಳುಗಳನ್ನು ಮೂಸಿ ಹಿಂದೆ ತಿರುಗಿತು. "ಹಸಿವಾದರೆ ತಿಂತದೆ" ಎಂದುಕೊಂಡರು.

ಈ ಮಾತು ನಾಯಿಗೆ ಎಷ್ಟೋ ಸಲ ನಡೆದೀತು. ಬೆಕ್ಕಿಗೆ, ಅದೂ ಮೈ ಇರುವ ಬೆಕ್ಕಿಗೆ, ನಡೆಯುವುದಿಲ್ಲ. ಎರಡು ಮೂರು ದಿನ ಪೂರ್ತಿ ಉಪವಾಸ ಬಿದ್ದರೆ ಮೈಯ ಕೊಬ್ಬು ಕರಗಿ ಯಕೃತ್ತಿಗೆ ತುಂಬಿಕೊಳ್ಳಲು ಶುರುವಾಗುತ್ತದೆ. ಅದೇ ಜೀವ ತೆಗೆಯುವ ಕಾಯಿಲೆ.

ಬುಧವಾರ ರಾತ್ರಿಯಿಂದ ಗುಂಡ ಏನೂ ತಿನ್ನಲಿಲ್ಲ. "ಊಟ ಇಲ್ಲದೆ ಇನ್ಸುಲಿನ್ ಹಾಕಬಾರದು" ಎಂದು ಯಜಮಾನರು ಸೂಜಿ ನಿಲ್ಲಿಸಿದರು. ಮನುಷ್ಯರ ಕಾಯಿಲೆಗೆ ಅವರಿಗೆ ಕಲಿಸಿದ್ದು ಅದನ್ನೇ. ಅದರಲ್ಲಿ ತಪ್ಪೂ ಇಲ್ಲ. ಆದರೆ ನಿಲ್ಲಿಸಿದ ಹೊತ್ತಿಗೇ ನನಗೆ ಫೋನ್ ಮಾಡಬೇಕು ಎನ್ನುವುದನ್ನು ನಾನು ಚೀಟಿಯಲ್ಲಿ ಬರೆದಿರಲಿಲ್ಲ. ಅವರ ಹೆಂಡತಿ, ನಾನು ಅವರನ್ನು ಅಕ್ಕ ಎನ್ನುತ್ತೇನೆ, ಕಾಳುಗಳನ್ನು ನೀರಲ್ಲಿ ಅರೆದು ಸಿರಿಂಜಿನಲ್ಲಿ ಬಾಯಿಗೆ ಒತ್ತಲು ನೋಡಿದರು. ಗುರುವಾರ ಸಂಜೆಯ ಹೊತ್ತಿಗೆ ಬಟ್ಟಲಿನ ಸದ್ದು ಕೇಳಿದರೆ ಸಾಕು, ಗುಂಡ ಅಟ್ಟ ಹತ್ತಿ ಅಡಗುತ್ತಿದ್ದ.

ಇದರ ಮಧ್ಯೆ ಅವರಿಗೆ ಇನ್ನೊಂದು ಅನುಮಾನ. ಅಡಿಕೆ ತೋಟಕ್ಕೆ ಕೊಳೆರೋಗದ ಔಷಧ ಹೊಡೆಯುವ ಕಾಲ. ಬೆಕ್ಕು ಮೈಲುತುತ್ತದ ಡ್ರಮ್ಮಿನ ಹತ್ತಿರ ಓಡಾಡಿ ಪಂಜ ನೆಕ್ಕಿರಬಹುದೇ ಎಂದು ಒಂದು ದಿನ ಅದರ ಹಿಂದೆ ಹೋಯಿತು. ಡ್ರಮ್ ಮುಚ್ಚಿಯೇ ಇತ್ತು, ವಾಂತಿಯಲ್ಲಿ ನೀಲಿ ಬಣ್ಣವೂ ಇರಲಿಲ್ಲ. ಆದರೂ ಹಾಗೆ ಯೋಚಿಸಿದ್ದು ತಪ್ಪಲ್ಲ.

ಶುಕ್ರವಾರದ ನಿರ್ಧಾರಗಳು

ಐದನೇ ದಿನ ಬೆಳಿಗ್ಗೆ ಮಳೆಯಲ್ಲಿ ನೆನೆದು ಬಂದರು. ತೂಕ 4.4. ಚರ್ಮ ಎತ್ತಿದರೆ ನಿಧಾನಕ್ಕೆ ಇಳಿಯುತ್ತಿತ್ತು, ಅಂದರೆ ಮೈಯಲ್ಲಿ ನೀರಿಲ್ಲ. ಈ ಸಲ ಮೂತ್ರದಲ್ಲಿ ಕೀಟೋನ್ ಇತ್ತು. ರಕ್ತದಲ್ಲಿ ಪೊಟ್ಯಾಸಿಯಂ 3.2, ಕಮ್ಮಿ. ಯಕೃತ್ತಿನ ಅಂಕಿ ಸ್ವಲ್ಪ ಮೇಲೆ.

ಇಲ್ಲಿ ಎಲ್ಲರಿಗೂ ಗೊಂದಲ ಆಗುವ ಜಾಗ ಇದೆ. ಊಟ ಇಲ್ಲ ಅಂತ ಇನ್ಸುಲಿನ್ ನಿಲ್ಲಿಸಿದರೆ ದೇಹ ಕೊಬ್ಬನ್ನು ಸುಡುತ್ತಲೇ ಹೋಗುತ್ತದೆ, ಕೀಟೋನ್ ಏರುತ್ತಲೇ ಇರುತ್ತದೆ. ಕೀಟೋನ್ ಏರಿದರೆ ಓಕರಿಕೆ, ಓಕರಿಕೆ ಬಂದರೆ ಊಟ ಇಲ್ಲ. ಊಟ ಇಲ್ಲದೇ ಮನೆಯಲ್ಲಿ ಇನ್ಸುಲಿನ್ ಕೊಟ್ಟರೆ ಸಕ್ಕರೆ ಕುಸಿಯುವ ಭಯ. ಈ ಸುಳಿಯಿಂದ ಹೊರಬರುವುದು ಮನೆಯಲ್ಲಿ ಆಗುವ ಕೆಲಸ ಅಲ್ಲ. ಡ್ರಿಪ್ ಹಾಕಿ, ಅದರಲ್ಲೇ ಪೊಟ್ಯಾಸಿಯಂ ಸೇರಿಸಿ, ಬೇಕಾದಾಗ ಡೆಕ್ಸ್‌ಟ್ರೋಸ್, ಅಂದರೆ ಸಕ್ಕರೆಯ ದ್ರಾವಣ, ಕೂಡ ಹಾಕಿ, ಗಂಟೆಗಂಟೆಗೆ ಸಕ್ಕರೆ ನೋಡುತ್ತಾ ಬೇಗ ಕೆಲಸ ಮಾಡುವ ಇನ್ಸುಲಿನ್ ಸ್ವಲ್ಪಸ್ವಲ್ಪ ಕೊಡಬೇಕು. ಪೊಟ್ಯಾಸಿಯಂ ಮರೆತರೆ ಇನ್ಸುಲಿನ್ ಅದನ್ನು ಇನ್ನೂ ಕೆಳಗೆ ಎಳೆಯುತ್ತದೆ. ಮೂರು ದಿನ ಹಗಲು ಚಿಕಿತ್ಸಾಲಯದಲ್ಲಿ, ರಾತ್ರಿ ಮನೆಯಲ್ಲಿ. ರಾತ್ರಿಯೂ ಇರಿಸಿಕೊಳ್ಳಬೇಕಿತ್ತೇ? ಕೀಟೋನ್ ಇನ್ನೊಂದು ಮೆಟ್ಟಿಲು ಮೇಲಿದ್ದರೆ, ಅಥವಾ ಅವನು ಮಂಕಾಗಿ ಮಲಗಿದ್ದರೆ ಖಂಡಿತ ಬೇಕಿತ್ತು. ಅವನು ನನ್ನ ಕೈ ಪರಚುವಷ್ಟು ಚುರುಕಾಗಿದ್ದ.

ಆಮೇಲೆ ಮೊದಲ ದಿನ ಕೇಳದ ಪ್ರಶ್ನೆಗೆ ಬಂದೆ. ತಟ್ಟೆ ಇಟ್ಟಾಗ ಏನು ಮಾಡುತ್ತಾನೆ? ಅಕ್ಕ ಸರಿಯಾಗಿ ಗಮನಿಸಿದ್ದರು. "ಓಡಿ ಬರ್ತಾನೆ, ಮೂಸ್ತಾನೆ, ತುಟಿ ನೆಕ್ಕೋತಾನೆ, ಆಮೇಲೆ ಮುಖ ತಿರುಗಿಸ್ತಾನೆ." ಇದು ಹಸಿವಿಲ್ಲದ ಬೆಕ್ಕಲ್ಲ. ಹಸಿವಿದ್ದೂ ಹೊಟ್ಟೆ ತೊಳಸುವ ಬೆಕ್ಕು. ಹೊಟ್ಟೆಯ ಮೇಲ್ಭಾಗ ಒತ್ತಿದರೆ ಮೈ ಬಿಗಿ ಹಿಡಿಯುತ್ತಿದ್ದ. ಮೇದೋಜೀರಕ ಗ್ರಂಥಿ ಊದಿಕೊಂಡಿರುವ ಸಂಶಯ ಬಲವಾಯ್ತು. ಬಾಯಿ ತೆರೆದು ನೋಡಿದರೆ ಕೆಳದವಡೆಯ ಒಂದು ಹಲ್ಲಿನ ಬುಡ ಕೊರೆದು ಹೋಗಿ ವಸಡು ಕೆಂಪಾಗಿತ್ತು. ಗಟ್ಟಿ ಕಾಳು ಅಗಿಯಲು ಇವನಿಗೆ ನೋವು. ನಾವು ಹಾಕುತ್ತಿದ್ದುದೂ ಅದನ್ನೇ.

ಖಚಿತ ಮಾಡಿಕೊಳ್ಳಲು ಸ್ಕ್ಯಾನ್ ಮಾಡಿಸಬೇಕಿತ್ತು. ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿನ ತನಕ ಹೋಗುವುದೇ ಎಂದು ಅರ್ಧ ಗಂಟೆ ಮಾತಾಡಿದೆವು. ಹೋಗಲಿಲ್ಲ. ಸ್ಕ್ಯಾನ್‌ನಲ್ಲಿ ಊತ ಕಂಡರೂ ಚಿಕಿತ್ಸೆ ಅದೇ: ನೀರು, ನೋವಿಗೆ ಸೂಜಿ, ಓಕರಿಕೆಗೆ ಸೂಜಿ, ಊಟ. ಆ ಮಳೆಯಲ್ಲಿ ಹೋಗಿ ಬರುವ ಸುಸ್ತು ಮಾತ್ರ ಹೆಚ್ಚಾಗುತ್ತಿತ್ತು. ಎರಡು ದಿನದಲ್ಲಿ ಸುಧಾರಿಸದಿದ್ದರೆ ಹೋಗುವುದು ಎಂದು ಮಾತಾಯ್ತು.

ಓಕರಿಕೆಗೆ ಮಾರೋಪಿಟಂಟ್ ಸೂಜಿ ಹಾಕಿದೆ. ಹಸಿವಿಗೆ ಮಿರ್ಟಾಜಪಿನ್ 7.5 ಮಿಲಿಗ್ರಾಂ ಮಾತ್ರೆಯ ಕಾಲು ಭಾಗ, ಅದೂ ಓಕರಿಕೆ ಇಳಿದ ಮೇಲೆ, ಶನಿವಾರ. ಹೊಟ್ಟೆ ತೊಳಸುವಾಗ ಹಸಿವಿನ ಮಾತ್ರೆ ಕೊಡುವುದು ಬಾಗಿಲು ಹಾಕಿದ ಮನೆಗೆ ನೆಂಟರನ್ನು ಕರೆದ ಹಾಗೆ. ಆ ಮಾತ್ರೆಗೆ ಒಂದು ಗುಣ ಇದೆ, ಕೆಲವು ಬೆಕ್ಕುಗಳು ವಿಪರೀತ ಕೂಗುತ್ತವೆ. ಗುಂಡ ಶನಿವಾರ ರಾತ್ರಿಯಿಡೀ ಜಗಲಿಯಲ್ಲಿ ಭಾಷಣ ಮಾಡಿದನಂತೆ.

ಒಂದು ಗಡುವನ್ನೂ ಇಟ್ಟೆ. 4.4 ಕಿಲೋದ ಬೆಕ್ಕಿಗೆ ಸುಮ್ಮನೆ ಮಲಗಿದ್ದರೂ ದಿನಕ್ಕೆ 210 ಕ್ಯಾಲೊರಿಯ ಆಸುಪಾಸು ಬೇಕು. ಸೋಮವಾರ ಸಂಜೆಯೊಳಗೆ ತಾನಾಗಿ 100 ತಿನ್ನದಿದ್ದರೆ ಮೂಗಿನ ಮೂಲಕ ಆಹಾರದ ನಳಿಗೆ. ನಳಿಗೆ ಅಂದ ಕೂಡಲೇ ಅಕ್ಕನ ಕಣ್ಣು ತುಂಬಿತು. ಆದರೆ ದಿನ, ಹೊತ್ತು, ಅಂಕಿ ಮೊದಲೇ ಹೇಳದಿದ್ದರೆ "ಇವತ್ತು ಒಂದು ನೆಕ್ಕು ನೆಕ್ಕಿದ, ನಾಳೆ ನೋಡೋಣ" ಎಂದು ವಾರ ಕಳೆದುಹೋಗುತ್ತದೆ. ಇದನ್ನು ನಾನು ಬೇರೆ ಬೆಕ್ಕುಗಳಲ್ಲಿ ನೋಡಿ ಕಲಿತಿದ್ದೇನೆ.

ಕೊಟ್ಟಿಗೆಯ ಕಟ್ಟೆ

ನನ್ನ ಮೊದಲ ಚೀಟಿಯನ್ನು ನಾನೇ ಹರಿದೆ. ಹೊಸದರಲ್ಲಿ ಬರೆದದ್ದು ಇಷ್ಟೇ: ಏನು ತಿಂದರೂ ಸರಿ, ತಿನ್ನಲಿ. ಮೊಸರನ್ನವಾದರೂ ಸರಿ. ಯಜಮಾನರಿಗೆ ಇದನ್ನು ಒಪ್ಪಿಸುವುದು ಕಷ್ಟವಾಯ್ತು. "ಸಕ್ಕರೆ ಏರುತ್ತಲ್ಲ?" ಅಂದರು. ಏರಲಿ, ಅದಕ್ಕೆ ಇನ್ಸುಲಿನ್ ಇದೆ, ಖಾಲಿ ಹೊಟ್ಟೆಗೆ ನನ್ನ ಹತ್ತಿರ ಔಷಧ ಇಲ್ಲ ಎಂದೆ. ಸರಿಯಾದ ಆಹಾರ ಯಾವುದು ಎನ್ನುವುದು ತಿನ್ನುತ್ತಿರುವ ಬೆಕ್ಕಿನ ಪ್ರಶ್ನೆ. ನಾನು ಅದನ್ನು ತಿನ್ನದ ಬೆಕ್ಕಿಗೆ ಕೇಳಿದ್ದೆ.

ಸಿರಿಂಜಿನಲ್ಲಿ ಬಲವಂತ ಪೂರ್ತಿ ಬಂದ್. ಹೊಟ್ಟೆ ತೊಳಸುವಾಗ ಒತ್ತಿ ತಿನ್ನಿಸಿದರೆ ಆ ಆಹಾರದ ವಾಸನೆಗೇ ಬೆಕ್ಕು ಹೇಸಿಕೊಳ್ಳುತ್ತದೆ, ಗುಣವಾದ ಮೇಲೂ ಮುಟ್ಟುವುದಿಲ್ಲ. ಹಳೆಯ ಬಟ್ಟಲು ಬೇಡ, ಅಡಿಗೆಮನೆಯ ಮೂಲೆಯೂ ಬೇಡ. ಬೇರೆ ಜಾಗ, ಅಗಲ ತಟ್ಟೆ, ಬೆಚ್ಚಗಿನ ಊಟ ಎರಡೇ ಚಮಚ. ಯಾರೂ ಎದುರು ಕೂತು ನೋಡಬಾರದು. 20 ನಿಮಿಷಕ್ಕೆ ತಟ್ಟೆ ತೆಗೆದುಬಿಡಬೇಕು.

ಮಾಂಸದ ಮಾತು ಬಂದಾಗ ಮನೆಯಲ್ಲಿ ಮೌನ. ಆ ಅಡಿಗೆಮನೆಯಲ್ಲಿ ಮೊಟ್ಟೆಯೂ ಬಂದದ್ದಿಲ್ಲ. ನಾನು ಒತ್ತಾಯ ಮಾಡಲಿಲ್ಲ. ಬೆಕ್ಕು ಮಾಂಸ ತಿನ್ನಲೆಂದೇ ಹುಟ್ಟಿದ ಪ್ರಾಣಿ, ಇಷ್ಟು ದಿನ ನಡೆದದ್ದು ಇಲಿಗಳ ದಯೆಯಿಂದ ಎಂದಷ್ಟೇ ಹೇಳಿದೆ. ತೀರ್ಮಾನ ಬಂದದ್ದು ಯಾರೂ ಕೇಳದೇ ಇದ್ದವರಿಂದ. ಯಜಮಾನರ ತಾಯಿ, ಎಲ್ಲರಿಗೂ ಆಯಿ, ಜಗಲಿಯಲ್ಲಿ ಬತ್ತಿ ಹೊಸೆಯುತ್ತಾ ಕೂತಿದ್ದವರು ಅಂದರಂತೆ: "ಅಟ್ಟದ ಮೇಲೆ ಇಲಿ ತಿಂದ್ರೆ ಅಡ್ಡಿಲ್ಲೆ, ಕೊಟ್ಟಿಗೆ ಕಟ್ಟೆ ಮೇಲೆ ಕೋಳಿ ತಿಂದ್ರೆ ಎಂತ ಆಗ್ತು?"

ಅಲ್ಲಿಂದ ದಾರಿ ತೆರೆಯಿತು. ರಸ್ತೆಯಾಚೆ ಮನೆಯ ಹೆಂಗಸು ತಮ್ಮ ಮನೆಯಲ್ಲಿ ಕೋಳಿ ಬೇಯಿಸಿ ಸ್ಟೀಲ್ ಡಬ್ಬಿಯಲ್ಲಿ ಹಿತ್ತಿಲ ಬಾಗಿಲಿಗೆ ತಂದುಕೊಡಲು ಒಪ್ಪಿದರು. ಮೊದಲ ಡಬ್ಬಿ ಬೆಳ್ಳುಳ್ಳಿಯ ವಾಸನೆ ಹೊಡೆಯುತ್ತಿತ್ತು, ಪಾಪ, ರುಚಿಯಾಗಲಿ ಎಂದು ಹಾಕಿದ್ದರು. ಈರುಳ್ಳಿ, ಬೆಳ್ಳುಳ್ಳಿ ಬೆಕ್ಕಿನ ರಕ್ತಕಣಗಳನ್ನೇ ಒಡೆಯುತ್ತವೆ. ಅದನ್ನು ವಾಪಸ್ ಕಳಿಸಿ, ಬರೀ ನೀರಲ್ಲಿ, ಉಪ್ಪೂ ಇಲ್ಲದೆ ಬೇಯಿಸಲು ಹೇಳಿದೆವು. ಮೀನು ಕೊಡಬಹುದೇ ಎಂದೂ ಕೇಳಿದರು. ಜೂನ್, ಜುಲೈ ಯಾಂತ್ರಿಕ ದೋಣಿಗಳಿಗೆ ನಿಷೇಧದ ತಿಂಗಳು, ಕರಾವಳಿಯಿಂದ ಘಟ್ಟ ಹತ್ತಿ ಬರುವ ಹಸಿ ಮೀನೇ ಕಮ್ಮಿ. ಸಿಗುವುದು ಒಣ ಮೀನು, ಅದರಲ್ಲಿ ಉಪ್ಪು ಜಾಸ್ತಿ. ಬೇಡ ಎಂದೆ.

ಭಾನುವಾರ ಸಂಜೆ ಗುಂಡ ಮೊದಲು ಕೋಳಿ ಬೇಯಿಸಿದ ನೀರು ನೆಕ್ಕಿದ. ಆಮೇಲೆ ಚೂರು ಮಾಡಿದ ಮಾಂಸ, ಸುಮಾರು 25 ಗ್ರಾಂ. ಸೋಮವಾರ ಸಂಜೆ ಐದರೊಳಗೆ 60 ಗ್ರಾಂ ಕೋಳಿ, ಅಂದರೆ ಹತ್ತಿರಹತ್ತಿರ 100 ಕ್ಯಾಲೊರಿ, ಮೇಲೆ ಎರಡು ಚಮಚ ಮೊಸರನ್ನ. ನಳಿಗೆ ಬೇಕಾಗಲಿಲ್ಲ. ಮೂತ್ರದ ಕೀಟೋನ್ ಹೋಗಿತ್ತು. ಗ್ಲಾರ್ಜಿನ್ ಮತ್ತೆ 1 ಯೂನಿಟ್ ಶುರು ಮಾಡಿದೆವು. ಈ ಸಲ ಚೀಟಿಯಲ್ಲಿ ದಪ್ಪ ಅಕ್ಷರದಲ್ಲಿ ಬರೆದೆ: ಊಟ ಬಿಟ್ಟರೆ, ವಾಂತಿ ಮಾಡಿದರೆ ಸೂಜಿ ಹಾಕುವ ಮೊದಲು ಫೋನ್ ಮಾಡಿ, ಎಷ್ಟೇ ಹೊತ್ತಾಗಿರಲಿ.

ಕೆಂಪು ಮುಚ್ಚಳ

ಎಲ್ಲ ಸರಿಯಾಯ್ತು ಎಂದುಕೊಂಡಿದ್ದೆವು. ಜುಲೈ ಎರಡನೇ ವಾರ, ರಾತ್ರಿ ಹನ್ನೆರಡೂವರೆ, ಫೋನ್. ಜೋರು ಮಳೆ, ಕರೆಂಟ್ ಹೋಗಿ ಎರಡನೇ ದಿನ. ಗುಂಡ ತೂರಾಡುತ್ತಿದ್ದಾನೆ, ತಲೆ ಎತ್ತಲು ಆಗುತ್ತಿಲ್ಲ. ಯಜಮಾನರು ಟಾರ್ಚ್ ಬೆಳಕಲ್ಲಿ ಕಿವಿಯ ಅಂಚಿಗೆ ಚುಚ್ಚಿ ತಮ್ಮ ಮೀಟರಿನಲ್ಲೇ ನೋಡಿದ್ದರು: 38. ಮನುಷ್ಯರ ಮೀಟರು ಬೆಕ್ಕಿನ ರಕ್ತದಲ್ಲಿ ಇರುವುದಕ್ಕಿಂತ ಸ್ವಲ್ಪ ಕಮ್ಮಿ ತೋರಿಸುವುದುಂಟು. ಆದರೂ ತೂರಾಡುವ ಬೆಕ್ಕಿನಲ್ಲಿ 38 ಅಂದರೆ ಲೆಕ್ಕ ಹಾಕುತ್ತಾ ಕೂರುವ ಹೊತ್ತಲ್ಲ.

ಗ್ಲೂಕೋಸ್ ಪುಡಿ ಇದೆಯಾ ಎಂದೆ. ಮುಗಿದಿತ್ತು. ಜೋನಿಬೆಲ್ಲ? ಅದು ಇಲ್ಲದ ಮನೆ ನಮ್ಮ ಕಡೆ ಎಲ್ಲಿದೆ! ಗಂಟಲಿಗೆ ಸುರಿಯಬೇಡಿ, ಉಸಿರಿನ ದಾರಿಗೆ ಹೋಗುತ್ತದೆ, ಬೆರಳಲ್ಲಿ ವಸಡಿಗೆ ಉಜ್ಜಿ ಎಂದೆ. ಐದೈದು ನಿಮಿಷಕ್ಕೆ ಉಜ್ಜಿದರು. ಕಾಲು ಗಂಟೆಗೆ ತಲೆ ಎತ್ತಿದ. ನುಂಗಲು ಶುರು ಮಾಡಿದ ಮೇಲೆ ಜೋನಿಬೆಲ್ಲ ಕಲಸಿದ ಮೊಸರನ್ನ, ಆಮೇಲೆ ಕೋಳಿ. ಬೆಲ್ಲ ಬೇಗ ಏರಿಸಿ ಬೇಗ ಇಳಿಯುತ್ತದೆ, ಇನ್ಸುಲಿನ್ ಇನ್ನೂ ಗಂಟೆಗಟ್ಟಲೆ ಎಳೆಯುತ್ತಲೇ ಇರುತ್ತದೆ. ಹಾಗಾಗಿ ಬೆಳಗಿನ ತನಕ ಅರ್ಧ ಗಂಟೆಗೊಮ್ಮೆ ನೋಡಲು ಹೇಳಿದೆ. 38, 71, 64, 88, 103. ಅವರು ಈ ಅಂಕಿಗಳನ್ನು ಹೊತ್ತು ಸಮೇತ ಬರೆದಿಟ್ಟಿದ್ದರು. ಬೆಳಗಾದ ಕೂಡಲೇ ಕರೆತಂದರು. ಹೆದರಿಕೆ ಬಿಟ್ಟರೆ ಬೆಕ್ಕಿಗೆ ಏನೂ ಆಗಿರಲಿಲ್ಲ.

ಕಾರಣ ಹುಡುಕಲು ಹತ್ತು ನಿಮಿಷ ಸಾಕಾಯ್ತು. ಗ್ಲಾರ್ಜಿನ್ ಒಂದು ಮಿಲಿಗೆ 100 ಯೂನಿಟ್. ಅದಕ್ಕೆ ಬೇಕಾದ ಸಿರಿಂಜು ಕಿತ್ತಳೆ ಮುಚ್ಚಳದ್ದು. ಯಜಮಾನರು ತಮಗೆ ಹಾಕಿಕೊಳ್ಳುವುದು ಒಂದು ಮಿಲಿಗೆ 40 ಯೂನಿಟ್ ಇರುವ ಬಾಟಲಿ, ಅದರ ಸಿರಿಂಜಿನದು ಕೆಂಪು ಮುಚ್ಚಳ. ಆ ಸಂಜೆ ಗುಂಡನ ಸಿರಿಂಜು ಮುಗಿದಿತ್ತು, ಮಳೆಯಲ್ಲಿ ಪೇಟೆಗೆ ಹೋಗಲು ಆಗಲಿಲ್ಲ. "ಎರಡೂ ಇನ್ಸುಲಿನ್ ಸಿರಿಂಜೇ ಅಲ್ವಾ, 1ರ ಗೆರೆ 1ರ ಗೆರೆಯೇ" ಎಂದುಕೊಂಡು ತಮ್ಮದರಲ್ಲೇ ಎಳೆದರು. ಕೆಂಪು ಸಿರಿಂಜಿನ 1ರ ಗೆರೆಯ ತನಕ ಗ್ಲಾರ್ಜಿನ್ ಎಳೆದರೆ ಒಳಗೆ ಹೋಗುವುದು 1 ಅಲ್ಲ, 2.5 ಯೂನಿಟ್.

ಹದಿನಾಲ್ಕು ವರ್ಷ ಸೂಜಿ ಹಿಡಿದವರಿಗೆ ಇದನ್ನು ಹೇಳುವುದು ಬೇಡ ಎಂದು ನಾನು ಅಂದುಕೊಂಡಿದ್ದೆ. ಅದೇ ಎರಡನೇ ಎಡವಟ್ಟು. ಅವರ ಕೈ ಎಷ್ಟು ಪಳಗಿತ್ತೋ ಅಷ್ಟೇ ಸಲೀಸಾಗಿ ತಪ್ಪು ಸಿರಿಂಜಿಗೆ ಹೋಯಿತು. ಅದೇ ಪಳಗಿದ ಕೈ ನಡುರಾತ್ರಿ ಬೆಕ್ಕಿನ ಕಿವಿಯಿಂದ ರಕ್ತ ತೆಗೆದು ಜೀವ ಉಳಿಸಿತು, ಅದನ್ನೂ ಹೇಳಬೇಕು.

ಇನ್ನೂ ಎರಡು ಸಂಗತಿ ಆ ರಾತ್ರಿ ಜೊತೆ ಸೇರಿದ್ದವು. ಗುಂಡನ ಊಟದಲ್ಲಿ ಅನ್ನ ಬಹುಪಾಲು ಹೋಗಿ ಕೋಳಿಯೇ ಆಗಿತ್ತು. ಪಿಷ್ಟ ಇಳಿದರೆ ಬೇಕಾಗುವ ಇನ್ಸುಲಿನ್ನೂ ಇಳಿಯುತ್ತದೆ. ಏಪ್ರಿಲ್‌ನ ಸ್ಟೀರಾಯ್ಡ್ ಕೂಡ ಮೈಯಿಂದ ಇಳಿಯುತ್ತಿತ್ತು. ಸಿರಿಂಜಿನ ತಪ್ಪು ಆಗದೇ ಇದ್ದರೂ ಆ ವಾರ 1 ಯೂನಿಟ್ ಅವನಿಗೆ ಹೆಚ್ಚೇ ಆಗುತ್ತಿತ್ತೇನೋ.

ಒಂದು ದಿನ ಬಿಟ್ಟು, ಅರ್ಧ ಯೂನಿಟ್‌ನಿಂದ ಮತ್ತೆ ಶುರು ಮಾಡಿದೆವು. ಅರ್ಧ ಯೂನಿಟ್ ಗೆರೆ ಇರುವ ಚಿಕ್ಕ ಸಿರಿಂಜನ್ನು ಮಗಳು ಕಳಿಸಿದಳು. ಬೆಕ್ಕಿನ ಸಾಮಾನು ನೀಲಿ ಡಬ್ಬಿಗೆ, ಯಜಮಾನರದ್ದು ಕೆಂಪು ಡಬ್ಬಿಗೆ, ಬೇರೆಬೇರೆ ಕೋಣೆಯಲ್ಲಿ. ಕರೆಂಟ್ ಇಲ್ಲದ ದಿನ ಇನ್ಸುಲಿನ್ ಬಾಟಲಿ ಒದ್ದೆ ಬಟ್ಟೆ ಸುತ್ತಿದ ಮಣ್ಣಿನ ಗಡಿಗೆಯೊಳಗೆ. ನಮ್ಮ ಮಳೆಗಾಲದ ತಂಪಿಗೆ ಅಷ್ಟು ಸಾಕು, ಫ್ರಿಜ್ಜಿನ ಐಸಿಗೆ ತಾಗಿಸಿ ಹೆಪ್ಪುಗಟ್ಟಿಸುವುದೇ ಹೆಚ್ಚು ಅಪಾಯ.

ಆಮೇಲಿನ ತಿಂಗಳುಗಳು

ಬರೀ ಬೇಯಿಸಿದ ಕೋಳಿ ಪೂರ್ತಿ ಆಹಾರ ಅಲ್ಲ. ಅದರಲ್ಲಿ ಸುಣ್ಣದ ಅಂಶ ತೀರಾ ಕಮ್ಮಿ, ಬೆಕ್ಕಿಗೆ ಬೇಕೇಬೇಕಾದ ಟಾರಿನ್ ಎಂಬ ಪೋಷಕಾಂಶವೂ ಸಾಕಷ್ಟು ಬೇಯಿಸಿದ ನೀರಿಗೆ ಹೋಗಿರುತ್ತದೆ. ಆಗಸ್ಟ್‌ನಲ್ಲಿ, ಅವನು ಚೆನ್ನಾಗಿ ತಿನ್ನುತ್ತಿದ್ದಾಗ, ಪಿಷ್ಟ ಕಮ್ಮಿ ಇರುವ ಮೆತ್ತನೆಯ ಪೊಟ್ಟಣದ ಆಹಾರಕ್ಕೆ ಬದಲಾಯಿಸಿದೆವು. ದಿನಕ್ಕೆ ಒಂದು ಚಮಚದಷ್ಟು ಕೋಳಿ ತೆಗೆದು ಒಂದು ಚಮಚ ಪೊಟ್ಟಣದ್ದು ಸೇರಿಸುತ್ತಾ, ಮೂರು ವಾರ ಹಿಡಿಯಿತು. ಜೂನ್‌ನಲ್ಲಿ ಒಂದೇ ದಿನದಲ್ಲಿ ಮಾಡಹೊರಟದ್ದು ಇದನ್ನೇ.

ಸಕ್ಕರೆ ಆಗಸ್ಟ್‌ನಲ್ಲಿ 150ರಿಂದ 220ರ ಮಧ್ಯೆ ಇತ್ತು, ಸೆಪ್ಟೆಂಬರ್ ನಡುವೆ 90ರಿಂದ 130ಕ್ಕೆ ಇಳಿಯಿತು. ಮೊದಲು ದಿನಕ್ಕೆ ಒಂದೇ ಸಲ, ಸೆಪ್ಟೆಂಬರ್ ಕೊನೆಗೆ ಇನ್ಸುಲಿನ್ ಪೂರ್ತಿ ನಿಲ್ಲಿಸಿದೆವು. ಬೆಕ್ಕುಗಳಲ್ಲಿ ಹೀಗಾಗುವುದುಂಟು. ಬೇಗ ಹಿಡಿದರೆ, ಪಿಷ್ಟ ಕಮ್ಮಿಯಾದರೆ, ಸ್ಟೀರಾಯ್ಡ್‌ನಂಥ ಕಾರಣ ದೂರವಾದರೆ ಸೋತ ಮೇದೋಜೀರಕ ಗ್ರಂಥಿ ಮತ್ತೆ ಕೆಲಸಕ್ಕೆ ಬರುತ್ತದೆ. ಕಾಯಿಲೆ ಹೋಯಿತು ಎಂದು ಹೇಳುವ ಹಾಗಿಲ್ಲ, ಅಡಗಿದೆ ಅಷ್ಟೇ. ಹಿಂಗಾಲು ನೆಟ್ಟಗಾಗಲು ನವೆಂಬರ್ ಬಂತು. ಈಗ ತೂಕ 5.1. ವಾರಕ್ಕೊಮ್ಮೆ ಕಿವಿಗೆ ಚುಚ್ಚಿ ನೋಡುತ್ತಾರೆ. ಯಜಮಾನರು ಬೆಳಿಗ್ಗೆ ಎದ್ದು ಬಚ್ಚಲ ಬೂದಿಯನ್ನೂ ನೋಡುತ್ತಾರಂತೆ.

ಗುಂಡನ ಕಾರ್ಡಿನ ಮೇಲೆ ಕೆಂಪು ಶಾಯಿಯಲ್ಲಿ "ಸ್ಟೀರಾಯ್ಡ್ ಬೇಡ" ಎಂದು ಬರೆದಿದ್ದೇನೆ. ಚಿಗಟಕ್ಕೆ ಈಗ ತಿಂಗಳಿಗೊಮ್ಮೆ ಕುತ್ತಿಗೆಗೆ ಹಾಕುವ ಹನಿ, ಮನೆಯ ಇನ್ನೆರಡು ಬೆಕ್ಕುಗಳಿಗೂ. ಹಿಂದಿನ ವರ್ಷವೇ ಹೀಗೆ ಮಾಡಬಹುದಿತ್ತು. ಮೂರು ಬೆಕ್ಕಿಗೆ ಪ್ರತಿ ತಿಂಗಳು ಹನಿ ಎಂದರೆ ಖರ್ಚು ಜಾಸ್ತಿ ಎಂದು ನಾನೇ ಮನಸ್ಸಿನಲ್ಲಿ ಅಂದಾಜು ಮಾಡಿ ಅವರಿಗೆ ಹೇಳಿಯೇ ಇರಲಿಲ್ಲ.

ಹಲ್ಲು ಇನ್ನೂ ಬಾಕಿ ಇದೆ. ಅರಿವಳಿಕೆ ಕೊಟ್ಟು ಕೀಳಬೇಕು, ಬಿಟ್ಟರೆ ಆ ಬಾಯಿಯ ಉರಿಯೂತವೇ ಸಕ್ಕರೆಯನ್ನು ಮತ್ತೆ ಮೇಲೆ ತರಬಹುದು. ಈಗ ಅಡಿಕೆ ಕೊಯ್ಲು, ಸುಲಿಯುವ ಗಡಿಬಿಡಿ, ಮನೆಯಲ್ಲಿ ಯಾರಿಗೂ ಪುರುಸೊತ್ತಿಲ್ಲ. ಜನವರಿ ಕೊನೆಗೆ ದಿನ ಹಾಕಿದ್ದೇವೆ. ಹಿಂದಿನ ರಾತ್ರಿ ಎಷ್ಟು ಹೊತ್ತು ಉಪವಾಸ ಇರಿಸಬೇಕು ಎಂದು ಯಜಮಾನರು ಈಗಲೇ ಎರಡು ಸಲ ಫೋನ್ ಮಾಡಿ ಕೇಳಿದ್ದಾರೆ.